ಇಸಿಎಂ1 ಜೀನ್ ಪರೀಕ್ಷೆ: ಕೋಲಾರದಿಂದ ರಕ್ತ ಕಳಿಸುವ ಮುಂಚೆ ಒಂದೆರಡು ಅನುಮಾನ

ಚರ್ಮರೋಗ ಪಿಜಿ, ಕೋಲಾರ
6 ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಗೊಗ್ಗರು ದನಿ. ಮೊಣಕೈ, ಮುಖದ ಮೇಲೆ ಗುಳ್ಳೆ ಎದ್ದು ಒಣಗಿ ಕಲೆ ಉಳಿದಿದೆ. ನಾಲಿಗೆ ಪೂರ್ತಿ ಹೊರಗೆ ಬರುವುದಿಲ್ಲ. ತಂದೆ-ತಾಯಿ ಸೋದರಮಾವ, ಅಕ್ಕನ ಮಗಳು. ಲೈಪಾಯ್ಡ್ ಪ್ರೋಟೀನೋಸಿಸ್ (ಇಸಿಎಂ1 ಜೀನ್‌ನ ಎರಡೂ ಪ್ರತಿ ಕೆಟ್ಟಾಗ ಬರುವ, ಚರ್ಮ, ಗಂಟಲು ದಪ್ಪಗಾಗುವ ಆನುವಂಶಿಕ ಕಾಯಿಲೆ) ಅಂತ ಅನುಮಾನ. ಬೆಂಗಳೂರಿಗೆ ಕಳಿಸುವಾಗ ನೇರ ಎಕ್ಸೋಮ್ (ಎಲ್ಲ ಜೀನ್‌ಗಳ ಪ್ರೋಟೀನ್ ಸೂಚನೆಯ ಭಾಗ ಓದುವ ಪರೀಕ್ಷೆ) ಬರೆಯಲೋ, ಇಸಿಎಂ1 ಒಂದೇ ಸಾಕೋ? ಬಯಾಪ್ಸಿ ಮಾಡಲೇಬೇಕಾ?

ಜೀನ್ ಲ್ಯಾಬ್
ಲಕ್ಷಣಗಳು ಇಷ್ಟು ಸ್ಪಷ್ಟವಾಗಿರುವಾಗ ಎಕ್ಸೋಮ್‌ಗೆ ಹೋಗುವುದು ದುಂದು. ಈ ಜೀನ್ 1ನೇ ಕ್ರೋಮೋಸೋಮ್‌ನಲ್ಲಿದೆ, ಇರುವುದೇ 10 ಎಕ್ಸಾನ್ (ಪ್ರೋಟೀನ್ ಸೂಚನೆ ಇರುವ ತುಂಡು). ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ ಕೆಲವೇ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ತುಂಡುಗಳಲ್ಲಿ ಮುಗಿಯುತ್ತೆ. ಇಲ್ಲಿಯವರೆಗೆ ಸಿಕ್ಕಿರುವ ದೋಷಗಳು 6 ಮತ್ತು 7ನೇ ಎಕ್ಸಾನ್‌ಗಳಲ್ಲೇ ಹೆಚ್ಚು. ಹಾಗಂತ ಅವೆರಡನ್ನೇ ನೋಡಿ ನಿಲ್ಲಿಸಬೇಡಿ, ಎಕ್ಸಾನ್ ಅಂಚುಗಳನ್ನೂ ಸೇರಿಸಿ ಹತ್ತನ್ನೂ ಓದಿಸಿ. ಏನೂ ಸಿಗದಿದ್ದರೆ ಆಮೇಲೆ ಎಕ್ಸೋಮ್.

ಮಗು, ತಂದೆ, ತಾಯಿ ಮೂವರ ರಕ್ತವನ್ನೂ ಒಟ್ಟಿಗೇ ತೆಗೆಯಿರಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ತಲಾ 3 ಎಂಎಲ್, ತೆಗೆದ ತಕ್ಷಣ 8-10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಅಲುಗಾಡಿಸಿದರೆ ಕಣಗಳು ಒಡೆಯುತ್ತವೆ, ತಿರುಗಿಸದೇ ಬಿಟ್ಟರೆ ಹೆಪ್ಪುಗಟ್ಟುತ್ತೆ. ಹಸಿರು ಮುಚ್ಚಳದ್ದು ಬೇಡ, ಹೆಪಾರಿನ್ ಪಿಸಿಆರ್‌ಗೆ ಅಡ್ಡ ಬರುತ್ತೆ. ಜೆಲ್ ಪ್ಯಾಕ್ ಇಡಿ, ಆದರೆ ಟ್ಯೂಬಿಗೆ ತಾಗದಂತೆ ಮಧ್ಯೆ ಹತ್ತಿ ಇರಲಿ. ಬೆಳಿಗ್ಗೆ ಕಳಿಸಿ. ಶನಿವಾರ ಕಳಿಸಿದ್ದು ಸೋಮವಾರದವರೆಗೆ ಕೊರಿಯರ್ ಗೋಡೌನ್‌ನಲ್ಲಿ ಬಿದ್ದಿರುತ್ತೆ.

ತಂದೆ-ತಾಯಿಯ ರಕ್ತ ಯಾಕೆಂದರೆ, ಮಗುವಿನ ರಿಪೋರ್ಟ್‌ನಲ್ಲಿ ಎರಡು ಪ್ರತಿಯಲ್ಲೂ ಒಂದೇ ದೋಷ ಅಂತ ಬಂದರೂ ನಂಬಲಾಗದು. ಪ್ರೈಮರ್ (ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಕೂರುವ ಜಾಗದಲ್ಲಿ ಒಂದು ಅಕ್ಷರ ಬದಲಾಗಿದ್ದರೆ ಒಂದು ಪ್ರತಿ ಹೆಚ್ಚುವುದೇ ಇಲ್ಲ. ಒಂದು ಪ್ರತಿಯಲ್ಲಿ ದೊಡ್ಡ ತುಂಡೇ ಕಳೆದುಹೋಗಿದ್ದರೂ ಹಾಗೇ ಕಾಣುತ್ತೆ. ಇಬ್ಬರಲ್ಲೂ ಅದೇ ದೋಷ ಒಂದೊಂದು ಪ್ರತಿಯಲ್ಲಿ ಕಂಡರೆ ಗೊಂದಲ ಮುಗಿಯಿತು.

ಪೆಥಾಲಜಿ
ಬಯಾಪ್ಸಿ ಮಾಡಿದರೆ ಒಳ್ಳೆಯದು, ಜೀನ್ ರಿಪೋರ್ಟ್ ಬರುವಷ್ಟು ದಿನ ಕಾಯಬೇಕಿಲ್ಲ. 4 ಎಂಎಂ ಪಂಚ್, 10% ಫಾರ್ಮಲಿನ್. ಗಾಯದ ಕಲೆಯಿಂದ ಬೇಡ, ದಪ್ಪಗಾದ ಚರ್ಮದಿಂದ ತೆಗೆಯಿರಿ. ಸಕ್ಕರೆ ಸೇರಿದ ವಸ್ತುಗಳಿಗೆ ಗುಲಾಬಿ ಬರುವ ಪಿಎಎಸ್ ಬಣ್ಣ ಹಾಕಿಸಿ, ಗ್ಲೈಕೋಜನ್ ಕರಗಿಸುವ ಡಯಾಸ್ಟೇಸ್ ಕೊಟ್ಟ ಮೇಲೂ ಗುಲಾಬಿ ಉಳಿಯಬೇಕು. ರಕ್ತನಾಳಗಳ ಸುತ್ತ ಆ ಗುಲಾಬಿ ಹಯಲಿನ್ (ಗಾಜಿನಂತೆ ಕಾಣುವ ವಸ್ತು) ಪದರ ಈರುಳ್ಳಿ ಸಿಪ್ಪೆಯಂತೆ ಸುತ್ತಿಕೊಂಡಿರುತ್ತೆ. ಚಿಕ್ಕ ಮಕ್ಕಳಲ್ಲಿ ತೆಳುವಾಗಿರಬಹುದು. ಬಿಸಿಲಿಗೆ ಚರ್ಮ ಉರಿದು ಊದುವ ಪ್ರೋಟೋಪಾರ್ಫಿರಿಯಾದಲ್ಲೂ ನಾಳಗಳ ಸುತ್ತ ಹೀಗೆ ಕಾಣುವುದುಂಟು. ಆದರೆ ಅದರಲ್ಲಿ ದನಿ ಕೆಡುವುದಿಲ್ಲ. ರಕ್ತಕಣದ ಪ್ರೋಟೋಪಾರ್ಫಿರಿನ್ ಒಮ್ಮೆ ನೋಡಿಬಿಡಿ.

ಜೀನ್ ಲ್ಯಾಬ್
ರಿಪೋರ್ಟ್ ಓದುವಾಗ ಒಂದು ಸೂಕ್ಷ್ಮ. ದೊಡ್ಡ ರೂಪದ ಪ್ರೋಟೀನ್‌ನಲ್ಲಿ 540 ಅಮೈನೋ ಆಮ್ಲ, 7ನೇ ಎಕ್ಸಾನ್ ಬಿಟ್ಟು ತಯಾರಾಗುವ ರೂಪದಲ್ಲಿ 415. ವ್ಯತ್ಯಾಸ 125, ಅಂದರೆ ಒಂದು ಅಮೈನೋ ಆಮ್ಲಕ್ಕೆ ಮೂರರಂತೆ 375 ಅಕ್ಷರ. ಮೂರರಿಂದ ಸರಿಯಾಗಿ ಭಾಗವಾಗುವುದರಿಂದ ಓದುವ ಸಾಲು ತಪ್ಪುವುದಿಲ್ಲ. ಹಾಗಾಗಿ ದೋಷ 7ರಲ್ಲಿದ್ದರೆ ಚಿಕ್ಕ ರೂಪ ಉಳಿಯುತ್ತೆ, ಹೊರಗಿದ್ದರೆ ಎರಡೂ ಹೋಗುತ್ತವೆ. ಹೊರಗಿನ ದೋಷಗಳಲ್ಲಿ ಕಾಯಿಲೆ ತುಸು ಜೋರು ಅನ್ನುವ ವರದಿಗಳಿವೆ. ಆದರೆ ಒಂದೇ ಮನೆಯ ಮಕ್ಕಳಲ್ಲೇ ತೀವ್ರತೆ ಬೇರೆ ಬೇರೆ ಇರುವುದರಿಂದ, ಇದನ್ನು ನೋಡಿ ಭವಿಷ್ಯ ಹೇಳಲು ಹೋಗಬೇಡಿ.

ಅರಿವಳಿಕೆ
ಹಲ್ಲು ಕೀಳಿಸುವುದಕ್ಕೇ ಆಗಲಿ, ಅರಿವಳಿಕೆ ಕೊಡುವ ಮೊದಲು ಗಂಟಲು ನೋಡಿಸಿ. ದನಿತಂತು, ಗಂಟಲು ಒಳಗೆಲ್ಲ ದಪ್ಪಗಾಗಿರುತ್ತೆ, ನಾಲಿಗೆ ಮಡಚಿ ಸರಿಸಲು ಆಗುವುದಿಲ್ಲ. ವಯಸ್ಸಿಗಿಂತ ಚಿಕ್ಕ ಅಳತೆಯ ಟ್ಯೂಬ್‌ಗಳು, ಫೈಬರ್ ಆಪ್ಟಿಕ್ ಸ್ಕೋಪ್ ಕೈಗೆ ಸಿಗುವಂತಿರಲಿ. ಫಿಟ್ಸ್ ಬಂದಿದ್ದರೆ ತಲೆಯ ಸಾದಾ ಸಿಟಿ ಮಾಡಿಸಿ, ಮೆದುಳಿನ ಅಮಿಗ್ಡಲಾ ಭಾಗದಲ್ಲಿ ಸುಣ್ಣ ಕಟ್ಟಿರುವುದು ಎಂಆರ್‌ಐಗಿಂತ ಅದರಲ್ಲಿ ಚೆನ್ನಾಗಿ ಕಾಣುತ್ತೆ.

ಚರ್ಮರೋಗ ಪಿಜಿ, ಕೋಲಾರ
ಧನ್ಯವಾದ ಸರ್, ಮೇಡಂ. ಇನ್ನೊಂದು: ತಾಯಿಯ ತಂಗಿಯನ್ನು ತಂದೆಯ ತಮ್ಮನಿಗೇ ಕೊಡುವ ಮಾತು ನಡೆದಿದೆ.

ಜೀನ್ ಲ್ಯಾಬ್
ದೋಷ ಬಂದಿರುವುದು ತಂದೆಯ ತಂದೆ-ತಾಯಿಯಲ್ಲಿ ಒಬ್ಬರಿಂದ ಅಂದುಕೊಂಡರೆ, ಮದುವೆಯ ಹುಡುಗ ವಾಹಕನಾಗುವ (ಒಂದೇ ಪ್ರತಿಯಲ್ಲಿ ದೋಷವಿದ್ದು ಕಾಯಿಲೆ ಇಲ್ಲದಿರುವ) ಸಾಧ್ಯತೆ ಅರ್ಧ, ಮದುವೆಯ ಹುಡುಗಿಯದೂ ಅರ್ಧ. ಇಬ್ಬರೂ ವಾಹಕರಾಗುವುದು 4ರಲ್ಲಿ 1, ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವುದು 4ರಲ್ಲಿ 1. ಒಟ್ಟು 16ರಲ್ಲಿ 1. ಮಗುವಿನ ರಿಪೋರ್ಟ್ ಕೈಗೆ ಬಂದ ಮೇಲೆ ಇವರಿಬ್ಬರಿಗೆ ಆ ಒಂದು ಎಕ್ಸಾನ್ ಓದಿಸಿದರೆ ಸಾಕು, ಖರ್ಚು ಕಡಿಮೆ. ನಿಶ್ಚಿತಾರ್ಥಕ್ಕೆ ಮೊದಲೇ ಆಗಲಿ. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಅಂತಾದರೆ ಈ ಕಾಯಿಲೆಯ ಮಟ್ಟಿಗೆ ಅಡ್ಡಿಯಿಲ್ಲ.