ಸಹಾಯ ಬೇಕು: ಇತಿಹಾಸದ ಪ್ರಶ್ನೆಯಾಟಕ್ಕೆ ಹೊಸ ಸರಕು

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕುಂಬಳೆ ಹತ್ತಿರ ನಾವು ಏಳೆಂಟು ಜನ ಇತಿಹಾಸದ ಹುಚ್ಚಿನವರು ಭಾನುವಾರ ಸಂಜೆ ಒಬ್ಬರ ಮನೆ ಜಗಲಿಯಲ್ಲಿ ಸೇರಿ ಪ್ರಶ್ನೆಯಾಟ ಆಡುತ್ತೇವೆ. ಒಂದು ಹೆಸರಿಗೆ ಮೂರು ಸುಳಿವು. ಮೊದಲ ಸುಳಿವಿಗೇ ಹೇಳಿದರೆ 3 ಅಂಕ, ಕೊನೆಯದಕ್ಕೆ 1. ಸೋತವರು ಮುಂದಿನ ವಾರ ಗೋಳಿಬಜೆ ತರಬೇಕು, ಅಷ್ಟೆ.

ಈಗ ಪ್ರಶ್ನೆಗಳೇ ಖಾಲಿ! ‘ಬೇಕಲ ಕೋಟೆ’ ಅಂತ ಬಾಯಿ ತೆರೆಯುವ ಮೊದಲೇ ‘ಕೆಳದಿ ಶಿವಪ್ಪ ನಾಯಕ’ ಅಂತ ಉತ್ತರ ಬರುತ್ತದೆ. ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿ ಕೊಟ್ಟದ್ದು ಮದ್ರಾಸ್ ಸರಕಾರ ಎಂಬುದು ಒಮ್ಮೆ ಎಲ್ಲರನ್ನೂ ಬೀಳಿಸಿತ್ತು. ಪೈಗಳ ಊರಾದ ಮಂಜೇಶ್ವರದವರೂ ಬಿದ್ದರು! ಆದರೆ ಅದು ಒಂದೇ ಸಲ ನಡೆಯುವ ಮದ್ದು. ಇನ್ನು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1, ಗಡಿ ವಿವಾದದ ಮಹಾಜನ ಆಯೋಗ ಅಂತ ತೆಗೆದರೆ ಆಟ ಅಲ್ಲಿಗೇ ನಿಂತು ಚರ್ಚೆ ಶುರು. ಅಂಕ ಬರೆಯುವವನೂ ಪೆನ್ನು ಕೆಳಗಿಟ್ಟು ಸೇರಿಕೊಳ್ಳುತ್ತಾನೆ.

ಹಾಗಾಗಿ ನಮ್ಮಂತೆ ಕರ್ನಾಟಕದ ಗಡಿಯಾಚೆ ಇರುವ ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ಆದೋನಿ, ಮಡಕಶಿರಾ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿನ ಕೋಟೆ, ಶಾಸನ, ಅರಸರ ಬಗ್ಗೆ ಒಂದೆರಡು ಪ್ರಶ್ನೆ ಕಳಿಸಿ. 1565ರ ತಾಳಿಕೋಟೆ ಸೋಲಿನ ಬಳಿಕ ವಿಜಯನಗರದ ಅರಸರು ನೆಲೆನಿಂತ ಪೆನುಕೊಂಡ, 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಸೇರಿದ ಉತ್ತರ ಕನ್ನಡ, ಈ ಥರದ್ದು. ಕಷ್ಟದ ಸುಳಿವು ಮೊದಲಿರಲಿ. ಖಚಿತ ಇದ್ದದ್ದು ಮಾತ್ರ ಸಾಕು, ದಂತಕಥೆ ಬೇಡ.

ಉತ್ತರ ದಯವಿಟ್ಟು ಇಲ್ಲಿ ಹಾಕಬೇಡಿ, ನನಗೆ ಮಾತ್ರ ಕಳಿಸಿ. ನಮ್ಮ ಆಟದ ಇಬ್ಬರು ಇದೇ ಗುಂಪಿನಲ್ಲಿದ್ದಾರೆ, ಈಗಲೂ ಓದುತ್ತಿರುತ್ತಾರೆ.