ಚಿತ್ತಾರ, ಕಾವಿ, ಕಸೂತಿಯನ್ನು ಅಚ್ಚಿಗೆ ತರುವುದು ಹೇಗೆ? ಮಾಡಿದವರು ಹೇಳಿ

ಕೇಳುತ್ತಿರುವವರು: ಒಬ್ಬ ಗ್ರಾಫಿಕ್ ಡಿಸೈನರ್

ನನ್ನ ದಿನದ ಕೆಲಸ ಆಪ್‌ಗಳಿಗೆ ಸ್ಕ್ರೀನ್ ಮಾಡಿಕೊಡುವುದು. ಮನಸ್ಸು ಇರುವುದು ಮಾತ್ರ ಕಾಗದದ ಮೇಲೆ. ನಮ್ಮ ಕಡೆಯ ಕಲೆ ಅಂದರೆ ಮೊದಲಿನಿಂದಲೂ ಹುಚ್ಚು. ಜಾತ್ರೆಯ ಹಳೇ ಕರಪತ್ರ, ಬೆಂಕಿಪೊಟ್ಟಣದ ಲೇಬಲ್, ಕೈಯಲ್ಲಿ ಬರೆದ ಅಂಗಡಿ ಬೋರ್ಡುಗಳ ಫೋಟೊ, ಎಲ್ಲ ಕೂಡಿಟ್ಟುಕೊಂಡಿದ್ದೇನೆ. ಈಗ ಕರ್ನಾಟಕದ ಜನಪದ ಕಲೆಗಳನ್ನು ಇಟ್ಟುಕೊಂಡು ಒಂದು ಕ್ಯಾಲೆಂಡರ್, ಜೊತೆಗೆ ಕೆಲವು ಪೋಸ್ಟರ್ ಮಾಡಬೇಕು ಅಂತಿದ್ದೇನೆ. ಸುಮ್ನೆ ನಕಲು ಮಾಡಿದಂತೆ ಕಾಣಬಾರದು. ಯಾವ ಕಲೆಯಿಂದ ಶುರು ಮಾಡಲಿ, ಯಾವ ಬಗೆಯ ಪ್ರಿಂಟಿಂಗ್ ಹೊಂದುತ್ತದೆ, ಕಲಾವಿದರ ಜೊತೆ ವ್ಯವಹಾರ ಹೇಗಿರಬೇಕು? ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.

ಪುಸ್ತಕ, ಪೋಸ್ಟರ್ ವಿನ್ಯಾಸ ಮಾಡುವವರು

ಹನ್ನೆರಡು ತಿಂಗಳಿಗೆ ಹನ್ನೆರಡು ಕಲೆ ಅಂತ ಯೋಚಿಸಿದ್ದರೆ ಮೊದಲು ಅದನ್ನು ಬಿಡಿ. ಒಂದೇ ಕಲೆ ಹಿಡಿಯಿರಿ. ಹನ್ನೆರಡರ ಹಿಂದೆ ಓಡಿದರೆ ಯಾವುದರ ಕೈಯೂ ನಿಮಗೆ ಒಗ್ಗುವುದಿಲ್ಲ.

ನಾನು ಹಿಡಿದದ್ದು ಹಸೆ ಚಿತ್ತಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಮನೆಯ ಹೆಂಗಸರು ಬರೆಯುವ ಕಲೆ. ಮದುವೆಗೆ ಗೋಡೆಯ ಮೇಲೆ ಬರೆಯುತ್ತಾರೆ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರ ನೋಡಿದರೆ ಇದು ಬರೀ ಜ್ಯಾಮಿತಿ ಅನ್ನಿಸುತ್ತದೆ. ನೇರ ಗೆರೆ, ಚೌಕ, ತ್ರಿಕೋನ ಅಷ್ಟೇ ಅಲ್ವಾ, ಇಲಸ್ಟ್ರೇಟರಿನಲ್ಲಿ ಅರ್ಧ ಗಂಟೆಯ ಕೆಲಸ ಅಂತ. ಬರೆಯುವವರ ಪಕ್ಕದಲ್ಲಿ ಕೂತು ನೋಡಿ, ಆಗ ಗೊತ್ತಾಗುತ್ತದೆ.

ಕುಂಚ ಅಂದರೆ ಪುಂಡಿ ನಾರು. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಹಿನ್ನೆಲೆಗೆ ಕೆಮ್ಮಣ್ಣು. ನಾರನ್ನು ಅಕ್ಕಿ ಹಿಟ್ಟಿನ ನೀರಿನಲ್ಲಿ ಅದ್ದಿ ಗೆರೆ ಎಳೆದಾಗ ಶುರುವಿನಲ್ಲಿ ಗೆರೆ ಚೂರು ದಪ್ಪ, ಮುಗಿಯುವ ಕಡೆ ತೆಳು. ಮತ್ತೆ ಅದ್ದಿ ಎಳೆದರೆ ಸೇರುವ ಜಾಗದಲ್ಲಿ ಒಂದು ಸಣ್ಣ ಗಂಟು ಉಳಿಯುತ್ತದೆ. ಎರಡು ಗೆರೆಗಳ ನಡುವಿನ ಅಂತರವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಒಣಗುತ್ತಾ ಹೋದಂತೆ ಬಿಳಿ ಎದ್ದು ಬರುತ್ತದೆ. ಚಿತ್ತಾರಕ್ಕೆ ಜೀವ ಬರುವುದು ಈ ಉಸಿರಿನಿಂದ. ಚಿತ್ರವನ್ನು ಕಂಪ್ಯೂಟರೇ ಗೆರೆಯಾಗಿ ಮಾಡಿಕೊಡುವ ಇಮೇಜ್ ಟ್ರೇಸ್ ಕೊಟ್ಟು, ಒಂದೇ ದಪ್ಪದ ಸ್ಟ್ರೋಕ್ ಹಾಕಿದ ತಕ್ಷಣ ಅದು ಹೋಗಿಬಿಡುತ್ತದೆ. ಉಳಿಯುವುದು ಬಾತ್‌ರೂಮ್ ಟೈಲ್ಸ್.

ಅದಕ್ಕೇ ನಾನು ಮಾಡುವುದು ಹೀಗೆ. ಕಲಾವಿದೆಯ ಹತ್ತಿರ ಕಾಗದದ ಮೇಲೆಯೇ ಬರೆಸುತ್ತೇನೆ, ಅದಕ್ಕೆ ಹಣ ಕೊಡುತ್ತೇನೆ, ಮೂಲ ಚಿತ್ರ ಅವರದೇ. ಅದನ್ನು ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಪಿಪಿಐಗೆ (ಇಂಚಿಗೆ 1200 ಪಿಕ್ಸೆಲ್) ಸ್ಕ್ಯಾನ್ ಮಾಡಿ, ಗೆರೆಯನ್ನು ತಿದ್ದದೆ ಕಪ್ಪು–ಬಿಳುಪು ಬಿಟ್‌ಮ್ಯಾಪ್ ಆಗಿಯೇ ಇಟ್ಟುಕೊಳ್ಳುತ್ತೇನೆ. ಮೊಬೈಲಿನ ಫೋಟೊ ಈ ಕೆಲಸಕ್ಕೆ ಆಗುವುದಿಲ್ಲ. ವಿನ್ಯಾಸಕಾರರಾಗಿ ನಮ್ಮ ಪಾಲಿನ ಕೆಲಸ ಆಮೇಲೆ ಶುರು: ಎಷ್ಟು ಖಾಲಿ ಬಿಡಬೇಕು, ಯಾವ ಭಾಗ ದೊಡ್ಡದು ಮಾಡಬೇಕು, ಅಕ್ಷರ ಎಲ್ಲಿ ಕೂರಬೇಕು, ಯಾವ ಕಾಗದ.

ಇನ್ನೊಂದು ಮಾತು. ಯಾವ ಚಿತ್ರ ಯಾವ ಸಂದರ್ಭದ್ದು ಅಂತ ಬರೆದವರನ್ನೇ ಕೇಳಿ. ಹಸೆಗೋಡೆಯ ಚಿತ್ತಾರ ಮದುವೆಯದು. ಲಗ್ನಪತ್ರಿಕೆಗೆ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಅದನ್ನೇ ಕಾಲೊರೆಸಿನ ಮೇಲೆ ಹಾಕಿದರೆ ಬರೆದವರಿಗೆ ನೋವಾಗುತ್ತದೆ. ಇಷ್ಟು ವಿಚಾರಿಸಿಕೊಂಡರೆ ನಕಲು ಅನ್ನುವ ನಿಮ್ಮ ಭಯ ಮುಕ್ಕಾಲು ಪಾಲು ತಾನಾಗಿಯೇ ಕಳೆಯುತ್ತದೆ.

ಪ್ರೆಸ್ ನಡೆಸುವವರು, ಆಫ್‌ಸೆಟ್ ಮತ್ತು ಸ್ಕ್ರೀನ್

ಮೇಲಿನವರು ಹೇಳಿದ ಕೆಮ್ಮಣ್ಣಿನ ಹಿನ್ನೆಲೆ, ಬಿಳಿ ಗೆರೆ ಇದೆಯಲ್ಲ, ಪ್ರೆಸ್ಸಿನಲ್ಲಿ ತಲೆನೋವು ಕೊಡುವುದು ಅದೇ. ಹೆಚ್ಚಿನವರು ಫೋರ್ ಕಲರ್ ಫೈಲ್ ತರುತ್ತಾರೆ. ಆ ಕೆಂಪು ಮೆಜೆಂಟಾ, ಹಳದಿ, ಜೊತೆಗೆ ಸ್ವಲ್ಪ ಸಿಯಾನ್, ಕಪ್ಪು ಸೇರಿ ಆಗಿರುತ್ತದೆ. ಬಣ್ಣಕ್ಕೊಂದು ಪ್ಲೇಟು. ಬಿಳಿ ಗೆರೆ ಅಂದರೆ ಅಷ್ಟೂ ಪ್ಲೇಟಿನಲ್ಲಿ ಅದೇ ಜಾಗ ಖಾಲಿ ಇರಬೇಕು. ಶೀಟು ಕೂದಲೆಳೆಯಷ್ಟು ಸರಿದರೂ ಗೆರೆಯ ಒಂದು ಅಂಚಿನಲ್ಲಿ ಗುಲಾಬಿ, ಇನ್ನೊಂದು ಅಂಚಿನಲ್ಲಿ ಹಳದಿ ಇಣುಕುತ್ತದೆ. ತೆಳು ಗೆರೆಯಾದರೆ ಮುಚ್ಚಿಯೇ ಹೋಗುತ್ತದೆ.

ಇದಕ್ಕೆ ದಾರಿ ಎರಡು. ಆಫ್‌ಸೆಟ್ಟೇ ಬೇಕು ಅಂದರೆ ಆ ಕೆಂಪನ್ನು ಸ್ಪಾಟ್ ಕಲರ್ ಮಾಡಿ. ಇಂಕನ್ನೇ ಕಲಸಿ ಒಂದೇ ಪ್ಲೇಟಿನಲ್ಲಿ ಹೊಡೆಯುತ್ತೇವೆ. ಪ್ಲೇಟುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವ ರಿಜಿಸ್ಟ್ರೇಷನ್ ತೊಂದರೆಯೇ ಇಲ್ಲ, ಬಿಳಿ ಅಂದರೆ ಕಾಗದದ ಬಿಳಿ. ಇಂಕ್ ಕಲಸುವಾಗ ನೀವೂ ಬಂದು ಪಕ್ಕದಲ್ಲಿ ನಿಲ್ಲಿ. ಕೈಯಲ್ಲಿ ಸ್ವಲ್ಪ ಕೆಮ್ಮಣ್ಣೇ ಇದ್ದರೆ ಇನ್ನೂ ಒಳ್ಳೆಯದು, ಮಾನಿಟರಿನ ಕೆಂಪನ್ನು ನಂಬಬೇಡಿ. ಕೋಟಿಂಗ್ ಇಲ್ಲದ ಮ್ಯಾಪ್ಲಿಥೋ ಅಥವಾ ಕೈಕಾಗದ ಆದರೆ ಇಂಕ್ ಹೀರಿ ಹರಡುತ್ತದೆ. ಬಿಳಿ ಗೆರೆ ಇನ್ನೂ ತೆಳುವಾಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಬನ್ನಿ. ಅರ್ಧ ಪಾಯಿಂಟಿಗಿಂತ (ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಪಾಲು) ಸಣ್ಣ ಬಿಳಿ ಗೆರೆ ನನಗೆ ಕೊಡಬೇಡಿ. ಇಡೀ ಶೀಟು ಸಾಲಿಡ್, ಅಂದರೆ ಪೂರ್ತಿ ಬಣ್ಣ ತುಂಬಿದ್ದು, ಇದ್ದರೆ ಒಣಗಲು ಸಮಯ ಬೇಕು. ಇವತ್ತು ಹೊಡೆದು ಇವತ್ತೇ ಕಟಿಂಗ್ ಅಂತ ಅವಸರ ಮಾಡಿದರೆ ಒಂದರ ಮಸಿ ಇನ್ನೊಂದರ ಬೆನ್ನಿಗೆ ಹತ್ತುತ್ತದೆ.

ಎರಡನೆಯದು ಸ್ಕ್ರೀನ್ ಪ್ರಿಂಟಿಂಗ್. ಚಿತ್ತಾರಕ್ಕೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಕೆಂಗಂದು ಬಣ್ಣದ, 250 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಹೆಚ್ಚಿನ ಕಾಗದ ತಗೊಳ್ಳಿ, ಮೇಲೆ ಬಿಳಿ ಇಂಕ್ ಎಳೆಯಿರಿ. ಗೋಡೆಯಲ್ಲೂ ಆಗುವುದು ಹಾಗೇ ಅಲ್ವಾ, ಮೊದಲು ಮಣ್ಣು, ಆಮೇಲೆ ಬಿಳಿ. ಆಫ್‌ಸೆಟ್ ಬಿಳಿ ತೆಳು, ಬಣ್ಣದ ಕಾಗದದ ಮೇಲೆ ಮಂಕಾಗುತ್ತದೆ. ಸ್ಕ್ರೀನಿನ ಬಿಳಿ ದಪ್ಪಗೆ ಕೂರುತ್ತದೆ, ಬೆರಳಾಡಿಸಿದರೆ ಗೆರೆ ಕೈಗೆ ಸಿಗುತ್ತದೆ. ಸಣ್ಣ ಗೆರೆ ಇದ್ದರೆ 120ಟಿ ಮೆಶ್ (ಸೆಂಟಿಮೀಟರಿಗೆ 120 ಎಳೆಯ ಜಾಲರಿ) ಕೇಳಿ. ಬಟ್ಟೆಗೆ ಹಾಕುವ 43ಟಿ ಮೆಶ್‌ನಲ್ಲಿ ಗೆರೆಯ ಅಂಚು ಗರಗಸದ ಹಾಗೆ ಬರುತ್ತದೆ.

ಅಳತೆಯನ್ನು ಶೀಟು ನೋಡಿ ಇಟ್ಟುಕೊಳ್ಳಿ. ಆಫ್‌ಸೆಟ್ಟಿಗೆ 18×23 ಇಂಚಿನ ಡೆಮಿ ಶೀಟು ಸಾಮಾನ್ಯ. ಡಿಜಿಟಲ್‌ನಲ್ಲಿ ಸ್ಯಾಂಪಲ್ ತೆಗೆಸುವುದಾದರೆ ಎ3 ಸೈಜು 13×19ರ ಶೀಟಿನಲ್ಲಿ ಬ್ಲೀಡ್ (ಕಟಿಂಗ್‌ಗಾಗಿ ಅಂಚಿನಾಚೆ ಬಿಡುವ ಬಣ್ಣ) ಸಮೇತ ಕೂರುತ್ತದೆ. ಮನಸ್ಸಿಗೆ ಬಂದ ಅಳತೆ ಇಟ್ಟರೆ ಕಾಗದ ತುಂಬಾ ವೇಸ್ಟ್.

ಉತ್ತರ ಕನ್ನಡದವರು, ಲೈನೋ ಕೆಲಸ ಮಾಡುವವರು

ಚಿತ್ತಾರದ ಬಗ್ಗೆ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯ ಕಾವಿ ಕಲೆಯನ್ನೂ ನೋಡಿ. ಕುಮಟಾ, ಅಂಕೋಲಾ, ಭಟ್ಕಳದ ಕಡೆಯ ಹಳೇ ದೇವಸ್ಥಾನಗಳಲ್ಲಿ, ಗೋವಾದಲ್ಲೂ ಇದೆ. ಸುಣ್ಣದ ಗಾರೆಯ ಮೇಲೆ ಕಾವಿ ಬಣ್ಣ ಹಚ್ಚಿ, ಹಸಿ ಇರುವಾಗಲೇ ಚೂಪು ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಇಡೀ ಗೋಡೆಗೆ ಒಂದೇ ಬಣ್ಣ.

ಲೈನೋ, ಅಂದರೆ ಮೆತ್ತನೆಯ ಲಿನೋಲಿಯಂ ಹಾಳೆ, ಕೆತ್ತಿ ಅಚ್ಚು ಒತ್ತಿದವರಿಗೆ ಇದು ನೋಡಿದ ಕೂಡಲೇ ಅರ್ಥವಾಗುತ್ತದೆ. ಅಲ್ಲೂ ಕೆತ್ತಿ ತೆಗೆದದ್ದು ಬಿಳಿ, ಉಳಿದದ್ದು ಬಣ್ಣ. ಹಾಗಾಗಿ ಕಾವಿಯ ಚಿತ್ರವನ್ನು ಕಂಪ್ಯೂಟರಿಗೆ ಹಾಕುವುದಕ್ಕಿಂತ ಲೈನೋದಲ್ಲಿ ಕೆತ್ತಿ, ಕೆಂಪು ಮಸಿ ಹಚ್ಚಿ ಒತ್ತುವುದು ನನಗೆ ಸರಿ ಅನ್ನಿಸುತ್ತದೆ. ಕೈ ಮಾಡುವ ಕೆಲಸ ಎರಡರಲ್ಲೂ ಒಂದೇ. ಹೂಬಳ್ಳಿಯ ಅಂಚುಪಟ್ಟಿಯಿಂದ ಶುರು ಮಾಡಿ, ದೇವರ ಮೂರ್ತಿಗೆ ಆಮೇಲೆ ಬನ್ನಿ. ಅಕ್ಷರ ಇದ್ದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು.

ಜೀರ್ಣೋದ್ಧಾರ ಅಂತ ಹಳೇ ಗೋಡೆ ಕೆಡವಿದ ಕಡೆ, ಎನಾಮಲ್ ಪೇಂಟ್ ಬಳಿದ ಕಡೆ ಎಷ್ಟೋ ಕಾವಿ ಚಿತ್ರ ಹೋಗಿಬಿಟ್ಟಿವೆ. ನನಗೆ ಬಹಳ ಸಂಕಟ ಆಗುವ ವಿಷಯ ಇದು. ಅದಕ್ಕೇ ಹೇಳುತ್ತೇನೆ, ಹೋದಾಗ ಆಡಳಿತದವರ ಒಪ್ಪಿಗೆ ಪಡೆದು ಪ್ರತಿ ಪಟ್ಟಿಯನ್ನೂ ಪಕ್ಕದಲ್ಲಿ ಅಳತೆಗೋಲು ಇಟ್ಟು ಫೋಟೊ ತೆಗೆದುಕೊಳ್ಳಿ. ನಿಮ್ಮ ಪೋಸ್ಟರ್ ಆಗದಿದ್ದರೂ ಆ ಫೋಟೊ ಮುಂದೆ ಕೆಲಸಕ್ಕೆ ಬರುತ್ತದೆ.

ಕಲಾ ಶಿಕ್ಷಕಿ

ನೋಡುವುದಕ್ಕೆ ಎಲ್ಲಿ ಹೋಗಬೇಕು ಅಂದರೆ: ರಾಮನಗರದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಪರಿಷತ್ತಿನ ತೊಗಲು ಬೊಂಬೆಗಳನ್ನು ಬಿಡಬೇಡಿ. ಆಭರಣ, ಸೀರೆಯ ಅಂಚು ಎಲ್ಲ ಚರ್ಮಕ್ಕೆ ಹೊಡೆದ ಸಣ್ಣ ಸಣ್ಣ ತೂತುಗಳು, ಬೆಳಕು ಅದರಿಂದಲೇ ತೂರಿ ಬರುತ್ತದೆ. ಪಾರದರ್ಶಕ ಇಂಕಿನಲ್ಲಿ ಒಂದರ ಮೇಲೊಂದು ಬಣ್ಣ ಹೊಡೆದು, ತೂತಿನ ಜಾಗದಲ್ಲಿ ಕಾಗದ ಬಿಟ್ಟರೆ ಅದ್ಭುತವಾಗಿರುತ್ತದೆ.

ಪ್ರತೀಕಗಳ ಸೆಟ್ ಮಾಡುವ ಆಸೆ ಇದ್ದರೆ ಮೈಸೂರು ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಹಳೇ ಇಸ್ಪೀಟಿನಂಥ ಎಲೆಗಳ ಬಗ್ಗೆ ಓದಿಕೊಳ್ಳಿ. ದಶಾವತಾರದ ಸೆಟ್ಟಿನಲ್ಲಿ 120 ಎಲೆ, ಹತ್ತು ಅವತಾರಕ್ಕೆ ಹನ್ನೆರಡರಂತೆ. ಪ್ರತಿ ಅವತಾರಕ್ಕೂ ರಾಜ, ಮಂತ್ರಿ, ಉಳಿದ ಹತ್ತು ಎಲೆಯಲ್ಲಿ ಮೀನು, ಆಮೆ, ಕೊಡಲಿಯಂಥ ಗುರುತುಗಳ ಎಣಿಕೆ. ಅಂಗೈಯಷ್ಟೂ ಇಲ್ಲದ ದುಂಡನೆಯ ಎಲೆಯಲ್ಲಿ ಹತ್ತು ಮೀನು ಕೂರಿಸುವುದು ಹೇಗೆ ಅಂತ ಹಳಬರು ಕಂಡುಕೊಂಡಿದ್ದಾರೆ. ಐಕಾನ್ ಮಾಡುವವರು ಕಲಿಯುವುದು ಅದರಲ್ಲಿ ಬೇಕಾದಷ್ಟಿದೆ. ಕಲಾವಿದ ಗಂಜೀಫಾ ರಘುಪತಿ ಭಟ್ಟರ ಕೆಲಸ ಎಲ್ಲಾದರೂ ಪ್ರದರ್ಶನಕ್ಕೆ ಇಟ್ಟಿದ್ದರೆ ತಪ್ಪಿಸಬೇಡಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹನ್ನೆರಡು ಕಲೆಯ ಯೋಚನೆ ಬಿಟ್ಟೆ. ಚಿತ್ತಾರ, ಎರಡು ಬಣ್ಣ, ಸ್ಕ್ರೀನ್ ಪ್ರಿಂಟ್ ಅಂತ ಮನಸ್ಸು ಮಾಡಿದ್ದೇನೆ. ಕಲಾವಿದೆಯ ಜೊತೆ ಕಾಗದ ಪತ್ರ ಹೇಗೆ ಮಾಡಿಕೊಳ್ಳುವುದು? ಕನ್ನಡ ಅಕ್ಷರಕ್ಕೆ ಯಾವ ಫಾಂಟ್ ಚೆಂದ?

ಕುಶಲಕರ್ಮಿಗಳ ಜೊತೆ ಕೆಲಸ ಮಾಡುವವರು

ಜನಪದ ಶೈಲಿ ಎಲ್ಲರದು, ನಿಜ. ಆದರೆ ಒಬ್ಬರು ಕೂತು ಬರೆದ ಒಂದು ಚಿತ್ರದ ಹಕ್ಕು ಅವರದು. 1957ರ ಕೃತಿಸ್ವಾಮ್ಯ ಕಾಯ್ದೆ ಅವರಿಗೂ ಅನ್ವಯಿಸುತ್ತದೆ, ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ಆದ್ದರಿಂದ ಒಪ್ಪಂದ ಬರಹದಲ್ಲೇ ಇರಲಿ, ಕನ್ನಡದಲ್ಲಿ, ಒಂದು ಪುಟ ಸಾಕು. ಯಾವ ಚಿತ್ರ, ಯಾವುದಕ್ಕೆ ಬಳಸುತ್ತೀರಿ, ಎಷ್ಟು ಪ್ರತಿ, ಎಷ್ಟು ವರ್ಷ, ಎಲ್ಲೆಲ್ಲಿ ಮಾರುತ್ತೀರಿ, ಮರುಮುದ್ರಣವಾದರೆ ಎಷ್ಟು ಕೊಡುತ್ತೀರಿ. ಅವಧಿ ಬರೆಯದಿದ್ದರೆ ಕಾನೂನು ಐದು ವರ್ಷ ಅಂತ ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಅಂತ. ಸಹಿ ಹಾಕಿಸುವ ಮುಂಚೆ ಅವರ ಮನೆಯವರ ಎದುರಿಗೆ ಜೋರಾಗಿ ಓದಿ ಹೇಳಿ, ಯೋಚಿಸಲು ಸಮಯ ಕೊಡಿ. ಹಣ ಚಿತ್ರ ಕೈಗೆ ಬಂದ ದಿನವೇ ಕೊಡಿ. ಕ್ಯಾಲೆಂಡರ್ ಮಾರಾಟವಾಗಲಿ ಬಿಡಲಿ, ಅದು ನಿಮ್ಮ ಹೊಣೆ.

ಹೆಸರು ಹಾಕುವಾಗ ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ, ಊರಿನ ಸಮೇತ ಹಾಕಿ. ‘ಜನಪದ ಕಲಾವಿದರಿಂದ’ ಅಂತ ಬರೆದು ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

ಮುಂದೆ ಕಸೂತಿಗೆ ಕೈ ಹಾಕಿದರೆ ಒಂದು ಎಚ್ಚರ. ಕಸೂತಿ, ಮೈಸೂರು ಗಂಜೀಫಾ, ಕಿನ್ನಾಳದ ಗೊಂಬೆ ಇವಕ್ಕೆಲ್ಲ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಇದೆ. ಅಚ್ಚು ಹಾಕಿದ ಕಾಗದಕ್ಕೆ ‘ಅಸಲಿ ಕಸೂತಿ’ ಅಂತ ಲೇಬಲ್ ಬೇಡ, ‘ಕಸೂತಿಯ ಮಾದರಿಯಲ್ಲಿ’ ಅನ್ನಿ. ಅದು ಎಳೆ ಎಣಿಸಿ, ಗಂಟು ಹಾಕದೆ ಹಾಕುವ ಹೊಲಿಗೆ. ಗವಂತಿ, ಮುರ್ಗಿ ಅನ್ನುವ ಹೊಲಿಗೆಗಳು ಎರಡು ಬದಿಯಲ್ಲೂ ಒಂದೇ ಥರ ಕಾಣುತ್ತವೆ. ಆ ಕೈಗಳ ಬೆಲೆ ಆ ಹೆಸರಿನಲ್ಲಿದೆ.

ಅಕ್ಷರ ವಿನ್ಯಾಸದ ಹುಚ್ಚಿನವರು

ಪೋಸ್ಟರಿನ ಶೀರ್ಷಿಕೆಗೆ ಫಾಂಟ್ ಯಾಕೆ? ಕೈಯಲ್ಲೇ ಬರೆಯಿರಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಬಂದದ್ದು ಕಲ್ಲಚ್ಚಿನಲ್ಲಿ. ಅಲ್ಲಿ ಅಚ್ಚಾಗುತ್ತಿದ್ದದ್ದು ಕೈಬರಹವೇ. ಆಮೇಲೂ ಎಷ್ಟು ದಶಕ ನಮ್ಮ ಪುಸ್ತಕಗಳ ಮುಖಪುಟದ ಹೆಸರನ್ನು ಚಿತ್ರ ಬರೆದ ಕಲಾವಿದರೇ ಬರೆಯುತ್ತಿದ್ದರು. ಹಳೇ ಪುಸ್ತಕದಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ಬರೀ ಮುಖಪುಟ ನೋಡಿ, ‘ಕ’ ಒಂದನ್ನೇ ಎಷ್ಟು ಥರ ಬರೆದಿದ್ದಾರೆ ಅಂತ. ಪುಂಡಿ ನಾರಿನಲ್ಲೇ ಶೀರ್ಷಿಕೆ ಬರೆಯಲು ಪ್ರಯತ್ನಿಸಿ, ಚಿತ್ರದ ಗೆರೆಗೂ ಅಕ್ಷರದ ಗೆರೆಗೂ ತಾನಾಗಿಯೇ ಹೊಂದಿಕೆ ಬರುತ್ತದೆ.

ಕ್ಯಾಲೆಂಡರಿನ ದಿನಾಂಕ, ಸಣ್ಣ ಬರಹಕ್ಕೆ ಫಾಂಟ್ ಬೇಕೇ ಬೇಕು. ಅನೇಕ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ, ಅಕಾಯ ಕನ್ನಡಕ, ಇವೆಲ್ಲ ಮುಕ್ತ ಪರವಾನಗಿಯವು, ಮಾರುವ ಕೆಲಸಕ್ಕೂ ಬಳಸಬಹುದು. ಚಿತ್ತಾರದ ಪಕ್ಕಕ್ಕೆ ನಾನಾಗಿದ್ದರೆ ಅನೇಕ್ ತೆಳುವಾಗಿ ಇಡುತ್ತಿದ್ದೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲದು. ‘ರಾಷ್ಟ್ರ’ದ ಒತ್ತು ಕೆಳಗಿಳಿದು ಮುಂದಿನ ಸಾಲಿನ ‘ಕೀ’ಯ ಗುಡಿಸಿಗೆ ತಾಗುತ್ತದೆ. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಪ್ರೆಸ್ ನಡೆಸುವವರು

ಇದಕ್ಕೆ ಒಂದು ಸೇರಿಸುತ್ತೇನೆ. ಅಕ್ಷರವನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಹಾಗೆ ಗೆರೆಯ ಆಕಾರವಾಗಿಸಿ, ಪಿಡಿಎಫ್ ಕೊಡಿ, ಯೂನಿಕೋಡ್ ಮೂಲ ಫೈಲನ್ನು ನಿಮ್ಮ ಹತ್ತಿರ ಬೇರೆ ಇಟ್ಟುಕೊಳ್ಳಿ. ಎಷ್ಟೋ ಡಿಟಿಪಿ ಕಡೆ ಇನ್ನೂ ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟುಗಳೇ ಓಡುತ್ತಿವೆ, ನಿಮ್ಮ ಫೈಲ್ ಅಲ್ಲಿ ತೆರೆದರೆ ಅಕ್ಷರ ಅದಲುಬದಲಾಗುತ್ತದೆ. ಸ್ಕ್ರೀನ್ ಎಕ್ಸ್‌ಪೋಸ್ ಮಾಡುವ ಮುಂಚೆ ಫಿಲ್ಮನ್ನು ಬೆಳಕಿಗೆ ಹಿಡಿದು ಒತ್ತಕ್ಷರ ಒಂದೊಂದಾಗಿ ನೋಡಿ. ಮೊದಲ ನಾಲ್ಕೈದು ಶೀಟು ಹೊಡೆಯುವಾಗ ಆ ಚಿತ್ತಾರ ಬರೆದ ಅಕ್ಕನನ್ನೂ ಕರೆದುಕೊಂಡು ಬನ್ನಿ. ಬಿಳಿ ಎಷ್ಟು ದಪ್ಪ ಇರಬೇಕು ಅಂತ ಅವರೇ ಹೇಳಲಿ, ಹಾಗೇ ಎಳೆದು ಕೊಡುತ್ತೇನೆ.