ಹೊಳೆ ದಂಡೆಯ ಹಳೇ ಮನೆಗೆ ಕೋಣೆ ಸೇರಿಸಿದವರು ಅನುಭವ ಹೇಳಿ

ಕಾರವಾರ: ಕಾಳಿ ದಂಡೆಯಲ್ಲಿ ಅಜ್ಜ ಕಟ್ಟಿಸಿದ ಚಿರೆಕಲ್ಲಿನ ಮನೆ. ಹಿಂದೆ ಗುಡ್ಡ, ಮುಂದೆ ಕಡಿದಾದ ಇಳಿಜಾರು, ಕೆಳಗೆ ನೀರು. ಮಾಡು ರಿಪೇರಿ ಮಾಡಿಸಿ, ಹೊಳೆ ಕಡೆ ಎರಡು ಕೋಣೆ ಸೇರಿಸಬೇಕು. ಎಷ್ಟು ಖರ್ಚಾದೀತು?

ಹೊನ್ನಾವರ: ನಮ್ಮದು ಶರಾವತಿ ದಂಡೆ. ಕೋಣೆಗಿಂತ ಜಾಸ್ತಿ ದುಡ್ಡು ನುಂಗಿದ್ದು ಕೆಳಗಿನ ಕಾಂಕ್ರೀಟ್ ಗೋಡೆ. 4 ಲಕ್ಷ 80 ಸಾವಿರ. ಲಾರಿ ಮೇಲಿನ ರಸ್ತೆಯಲ್ಲೇ ನಿಲ್ಲುತ್ತದೆ. ಚಿರೆಕಲ್ಲು ಒಂದಕ್ಕೆ 46 ರೂಪಾಯಿ, ಕೆಳಗೆ ಹೊತ್ತು ತರಲು ಮತ್ತೆ 14. ಜಲ್ಲಿ, ಎಂ ಸ್ಯಾಂಡ್, ಸಿಮೆಂಟು ಎಲ್ಲಾ ತಲೆಹೊರೆ. ಇಷ್ಟಾಗಿ ಗುತ್ತಿಗೆದಾರ ಗೋಡೆಯಲ್ಲಿ ನೀರು ಹೋಗಲು ತೂತೇ ಬಿಟ್ಟಿರಲಿಲ್ಲ. ಮೊದಲ ಮಳೆಗಾಲಕ್ಕೇ ಹಿಂದಿನ ಮಣ್ಣು ನೀರು ಕುಡಿದು ಗೋಡೆ ಹೊಟ್ಟೆ ಬಿಟ್ಟಿತು. ಡ್ರಿಲ್ ಹೊಡೆಸಿದಾಗ ಕೆಂಪು ನೀರು ಸಂಜೆಯವರೆಗೂ ಸುರಿಯಿತು. ತೂತು, ಪೈಪು, ಮತ್ತೆ 62 ಸಾವಿರ. ಅವನು ಈಗ ಫೋನೇ ಎತ್ತುವುದಿಲ್ಲ.

ಕುಮಟಾ: ಕಾಂಕ್ರೀಟ್ ಗೋಡೆ ಯಾಕೆ ಬೇಕಿತ್ತು? ಅಘನಾಶಿನಿ ದಂಡೆಯಲ್ಲಿ ನಾವು ಕರಿಕಲ್ಲಿನ ಪಿಚಿಂಗ್ ಮಾಡಿಸಿದ್ದೇವೆ. ಸಿಮೆಂಟಿಲ್ಲ, ಗುಡ್ಡದ ಕಡೆ ವಾಲಿಸಿ ಕಟ್ಟಿದ್ದು. ನೀರು ಸಂದಿಯಲ್ಲಿ ತಾನಾಗಿ ಇಳಿಯುತ್ತದೆ. ಹಿಂದಿನ ಧರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚು, ಮುಟ್ಟಲೇ ಇಲ್ಲ. ಚಿರೆಕಲ್ಲಿನ ಕೆಳಗೆ ಶೇಡಿ ಎನ್ನುವ ಮೆತ್ತನೆಯ ಜೇಡಿಮಣ್ಣಿದ್ದು ನೀರು ಇಳಿದರೆ ಬೆಣ್ಣೆಯ ಹಾಗೆ ಜಾರುತ್ತದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದಿದ್ದು ನೋಡಿದ ಮೇಲೂ ಧರೆ ಕಡಿಯುತ್ತಾರಲ್ಲ!

ಹೊನ್ನಾವರ: ಧರೆ ಕಡಿದೆ ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಪಿಚಿಂಗಿಗೆ ಬೇಕಾದಷ್ಟು ಅಗಲವೇ ನಮ್ಮಲ್ಲಿಲ್ಲ. ಜಾಗ ನೋಡದೆ ಸುಮ್ನೆ ಬರೆಯಬೇಡಿ.

ಅಂಕೋಲಾ: ಗೋಡೆ ಆಮೇಲೆ, ಪರವಾನಗಿ ಮೊದಲು. ಉಬ್ಬರ ಇಳಿತ ಇರುವ ಹೊಳೆಗೂ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ, ಇದೆ. 2019ರ ನಿಯಮದಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಮ್ಮಿಯೋ ಅದು. ಹಳ್ಳಿ ಕಡೆ ಕಟ್ಟಡ ನಿಷೇಧದ ವಲಯದೊಳಗೆ ಅಧಿಕೃತ ಹಳೇ ಮನೆಯನ್ನು ರಿಪೇರಿ ಮಾಡಬಹುದು, ಕೆಡವಿ ಕಟ್ಟಬಹುದು. ತಳದ ಅಳತೆ ಹೆಚ್ಚಿಸುವ ಹಾಗಿಲ್ಲ. ನಮ್ಮ ಇಂಜಿನಿಯರ್ 'ಏನೂ ಆಗಲ್ಲ' ಅಂತ ನಕ್ಷೆಗೆ 35 ಸಾವಿರ ತೆಗೆದುಕೊಂಡರು. ನೋಟಿಸ್ ಬಂದ ಮೇಲೆ ಆಸಾಮಿ ಪತ್ತೆಯಿಲ್ಲ. ಅಡುಗೆಮನೆ ಅರ್ಧಕ್ಕೆ ನಿಂತಿದೆ. ಕಂಬದ ಕಬ್ಬಿಣ ಉಪ್ಪುಗಾಳಿಗೆ ಪದರ ಪದರವಾಗಿ ಏಳುತ್ತಿದೆ.

ಕುಮಟಾ: ಹೋಮ್‌ಸ್ಟೇ ಕಟ್ಟುವವರಿಗೆ ಇದೆಲ್ಲ ಇಲ್ಲವಾ?

ಅಂಕೋಲಾ: ಅದನ್ನು ನನ್ನ ಹತ್ತಿರ ಯಾಕೆ ಕೇಳುತ್ತೀರಿ? ನೋಟಿಸ್ ಬಂದಿದ್ದು ನನಗೆ.

ಸದಾಶಿವಗಡ: ನಾವು ಹೊಳೆ ಕಡೆ ಹೋಗಲೇ ಇಲ್ಲ. ರಸ್ತೆ ಕಡೆ, ಗಟ್ಟಿ ಕಲ್ಲಿನ ಮೇಲೆ ಕಟ್ಟಿದೆವು. ಹಳೇ ಗೋಡೆಗೆ ಹೊಸದನ್ನು ಕಚ್ಚಿಸಲಿಲ್ಲ, ಒಂದು ಇಂಚು ಸಂದಿ ಬಿಟ್ಟೆವು. ಹಳೇದು ಕೂತು ಎಷ್ಟೋ ಕಾಲ ಆಯಿತು, ಹೊಸದು ಇನ್ನೂ ಕೂರಬೇಕು. ಜೋಡಿಸಿದರೆ ಬಿರುಕು ಗ್ಯಾರಂಟಿ. ಮೇಲೆ ಹಂಚು. ಕರಾವಳಿಯಲ್ಲಿ ಸ್ಲ್ಯಾಬ್ ಹಾಕಲೇಬಾರದು.

ಹೊನ್ನಾವರ: ನಮ್ಮದು ಸ್ಲ್ಯಾಬೇ. ಮಂಗ ಹಾರಿ ಹಂಚು ಒಡೆದರೆ ಕೈಯಾಡಿಸಲು ಈಗ ಜನ ಎಲ್ಲಿ ಸಿಗುತ್ತಾರೆ?

ಸದಾಶಿವಗಡ: ಮಳೆಗಾಲಕ್ಕೆ ಮೊದಲೇ ಹೇಳಿಟ್ಟರೆ ಸಿಗುತ್ತಾರೆ. ಈ ಸಲ ಹಂಚು, ಕೂಲಿ ಸೇರಿ 3,200 ಆಯಿತು. ನಿಮ್ಮ ಸ್ಲ್ಯಾಬಿನ ಸೋರಿಕೆಗೆ ಎಷ್ಟು ಹಾಕಿದ್ದೀರಿ, ಅದನ್ನೂ ಬರೆಯಿರಿ.